ಜೋಳಿಗೆಗೆ ಬಿದ್ದ ಗುಳಿಗೆ

(ಐಹೊಳೆಯಲ್ಲಿ ಜರುಗಿದ ಅನುಭಾವ ಗೋಷ್ಠಿಯಲ್ಲಿ ಪೂಜ್ಯರು ದಯಪಾಲಿಸಿದ ಆಶೀರ್ವಚನ)



ಐಹೊಳೆಯೆಂದರೆ ಐನೂರ್ವರ ಊರು. ಇಲ್ಲಿಯ ವರ್ತಕರ ಸಂಘದ ಹೆಸರು ಒಂದು ಕಾಲಕ್ಕೆ ಕಡಲಾಚೆಗೂ ಹೋಗಿತ್ತು. ಅವರು ಏನೇನು ಮಾರಿದರೋ, ನಿದ್ದೆಯನ್ನಂತೂ ಮಾರಿರಲಿಕ್ಕಿಲ್ಲ. ಈಗ ಅದೂ ಅಂಗಡಿಯಲ್ಲಿ ಸಿಗುತ್ತದೆ.

ನೆರೆಯ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಹಣ ಬೇಡಲಿಲ್ಲ, ಕಾಳು ಬೇಡಲಿಲ್ಲ; ನಿಮ್ಮ ಚಟಗಳನ್ನು ಹಾಕಿರೆಂದು ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿದೆ. ಆ ದಾರಿಯಲ್ಲಿ ನಾವೂ ಜೋಳಿಗೆ ಹಿಡಿದೆವು. ಹಿಡಿದು ಒಂದು ತಪ್ಪನ್ನೂ ಮಾಡಿದೆವು. ಅದನ್ನು ಹೇಳಲಿಕ್ಕೇ ಇಂದು ಕುಳಿತಿದ್ದೇವೆ.

ಒಂದೂರಲ್ಲಿ ವಯಸ್ಸಾದ ತಾಯಿಯೊಬ್ಬಳು ಸೆರಗಿನ ಗಂಟು ಬಿಚ್ಚಿ, ಗುಳಿಗೆಗಳನ್ನು ನಮ್ಮ ಜೋಳಿಗೆಗೆ ಹಾಕಿದಳು. "ಅಪ್ಪಾರ, ನಿದ್ದಿ ಗುಳಿಗಿರೀ ಇವು. ಇವತ್ತಿನಿಂದ ಮುಟ್ಟಂಗಿಲ್ರಿ" ಎಂದಳು. ಗಂಡ ತೀರಿಕೊಂಡಾಗ ವೈದ್ಯರು ಹತ್ತು ದಿನಕ್ಕೆಂದು ಬರೆದು ಕೊಟ್ಟದ್ದು. ಹಳೆಯ ಚೀಟಿ ತೋರಿಸಿ ಎಂಟು ವರ್ಷ ನುಂಗಿದ್ದಳು. ಒಂದು ಹೋಗಿ ಮೂರಾಗಿತ್ತು. ಸಭೆ ಚಪ್ಪಾಳೆ ತಟ್ಟಿತು. ನಾವು ವಿಭೂತಿ ಹಚ್ಚಿ ಹರಸಿದೆವು. ಮೂರನೆಯ ದಿನ ಅವಳಿಗೆ ಕೈಕಾಲು ನಡುಕ, ಇಲ್ಲದವರು ಕಣ್ಣಿಗೆ ಕಾಣುವುದು, ಆಮೇಲೆ ಫಿಟ್ಸು. ಮಗ ಆಸ್ಪತ್ರೆಗೆ ಒಯ್ದದ್ದರಿಂದ ಉಳಿದಳು.

ವೈದ್ಯರು ನಮಗೆ ತಿಳಿಯ ಹೇಳಿದರು. ಡಯಾಜೆಪಾಮ್, ಆಲ್ಪ್ರಾಜೊಲಾಮ್‌ನಂಥ ಗುಳಿಗೆ ಬಹುದಿನ ನುಂಗಿದರೆ, ಮಿದುಳು ತನ್ನನ್ನು ತಾನು ಶಾಂತ ಮಾಡಿಕೊಳ್ಳುವ ರೂಢಿಯನ್ನೇ ಬಿಡುತ್ತದೆ. ಒಮ್ಮೆಲೇ ನಿಲ್ಲಿಸಿದರೆ, ಇಳಿಜಾರಿನಲ್ಲಿ ಬಂಡಿಯನ್ನು ಹಿಂದಿನಿಂದ ಹಿಡಿದವನು ಕೈಬಿಟ್ಟಂತೆ. ತಂಬಾಕನ್ನು ಇಂದೇ ಉಗುಳಬಹುದು. ಇದನ್ನು ಇಳಿಸಿ ಇಳಿಸಿಯೇ ಬಿಡಬೇಕು. ದಿನವೂ ಹೆಚ್ಚಾಗಿ ಕುಡಿಯುವವನೂ ವೈದ್ಯರನ್ನು ಕೇಳಿಯೇ ಬಿಡಬೇಕೆಂದು ಅವರು ಹೇಳಿದಾಗ ನಮಗೆ ಇನ್ನಷ್ಟು ಅಳುಕಾಯಿತು.

ರಾಯಚೂರು ಕಡೆಗೆ ದುಡಿಯಲು ಹೋಗುವ ನಮ್ಮ ಮಕ್ಕಳು ಇದನ್ನು ಬಲ್ಲರು. ಅಲ್ಲಿ ಸೇಂದಿಯ ಹೆಸರಿನಲ್ಲಿ ಸಿ.ಎಚ್. ಪೌಡರ್, ಎಂದರೆ ಕ್ಲೋರಲ್ ಹೈಡ್ರೇಟ್ ಕಲಸಿದ ನೀರು ಮಾರುವವರಿದ್ದಾರೆ. ಅದೂ ನಿದ್ದೆಯ ಮದ್ದೇ. 2020ರಲ್ಲಿ ಲಾಕ್‌ಡೌನ್ ಆಗಿ ತೆಲಂಗಾಣದ ಸೇಂದಿ ಅಂಗಡಿಗಳು ಮುಚ್ಚಿದಾಗ, ಕುಡಿದು ರೂಢಿಯಾದವರು ಫಿಟ್ಸು ಬಂದು, ಬುದ್ಧಿ ಕದಡಿ ಆಸ್ಪತ್ರೆ ಸೇರಿದರು. ಇನ್ನು ಸಾರಾಯಿಯ ಮೇಲೆ ಗುಳಿಗೆ ನುಂಗುವವನ ಉಸಿರು ನಿದ್ದೆಯಲ್ಲೇ ನಿಂತುಹೋಗಬಹುದು. ಮುಪ್ಪಿನವರು ರಾತ್ರಿ ಎದ್ದು, ಜೋಲಿ ತಪ್ಪಿ ಬಿದ್ದು, ಸೊಂಟ ಮುರಿದುಕೊಳ್ಳುತ್ತಾರೆ.

ಈ ಗುಳಿಗೆಗಳನ್ನು ವೈದ್ಯರ ಚೀಟಿಯಿಲ್ಲದೆ ಕೊಡಬಾರದು. ಕೊಟ್ಟದ್ದನ್ನು ಬೇರೆ ಪುಸ್ತಕದಲ್ಲಿ ಬರೆದಿಡಬೇಕೆಂದು 2014ರಿಂದ ನಿಯಮವೂ ಇದೆ. ಪರಿಚಯದ ಅಂಗಡಿಯೆಂದು ಹಾಗೆಯೇ ತರಬೇಡಿರಿ. ನಿಮ್ಮದನ್ನು ನೆರೆಮನೆಯವರಿಗೂ ಕೊಡಬೇಡಿರಿ.

ಆ ತಾಯಿಗೆ ಪೂರ್ತಿ ಬಿಡಲು ಏಳು ತಿಂಗಳು ಹಿಡಿಯಿತು. ಈಗಲೂ ಕೆಲವು ರಾತ್ರಿ ನಿದ್ದೆ ಬರುವುದಿಲ್ಲವಂತೆ. ಎದ್ದು ಕುಳಿತು ಬತ್ತಿ ಹೊಸೆಯುತ್ತಾಳೆ. ಮಠದ ದೀಪಕ್ಕೆ ಬರುವ ಬತ್ತಿ ಅವಳದೇ.

ಇನ್ನು ಜೋಳಿಗೆ ನಿಮ್ಮ ಸಾಲಿಗೆ ಬರುತ್ತದೆ. ಗುಟಕಾ, ಬೀಡಿ ಹಾಕಿರಿ. ನಿದ್ದೆಯ ಗುಳಿಗೆ ಇದ್ದವರು ಹಾಕಬೇಡಿರಿ. ಸಭೆ ಮುಗಿದ ಮೇಲೆ ನಮ್ಮ ಹತ್ತಿರ ಬನ್ನಿರಿ. ವೈದ್ಯರೊಬ್ಬರು ಇಲ್ಲಿಯೇ ಕುಳಿತಿದ್ದಾರೆ.