ಕೋಗಿಲಬನಕ್ಕೆ ಶುಕ್ರವಾರ ಮಳೆನಾ?

(2025 ಮೇ 11, ಭಾನುವಾರ ರಾತ್ರಿಯ ಮಾತು)

ನಾಲ್ಕು ದಿನದಿಂದ ಈ ಸ್ಟುಡಿಯೋದಲ್ಲಿ ಸೈರನ್ ಬಿಟ್ಟು ಬೇರೆ ಸದ್ದು ಕೇಳಿರಲಿಲ್ಲ. ನಿನ್ನೆ ಸಂಜೆ ಕದನ ವಿರಾಮದ ಘೋಷಣೆ ಆಯ್ತು. ಇವತ್ತು ಬೆಳಗ್ಗೆ ಡೆಸ್ಕ್‌ಗೆ ಬಂದ ಮೊದಲ ಫೋನ್ ಗಡಿಯ ಬಗ್ಗೆ ಆಗಿರಲಿಲ್ಲ. ದಾಂಡೇಲಿ ಪಕ್ಕದ ಕೋಗಿಲಬನದಿಂದ ಬಂದದ್ದು. ನಾನೇ ಎತ್ತಿಕೊಂಡೆ.

"ನಮಸ್ಕಾರ್ರಿ ಸರ್ರ. ಬರೂ ಶುಕ್ರವಾರ ಮಗಳ ಮದಿವಿ ಐತ್ರಿ. ಮನಿ ಮುಂದ ಚಪ್ಪರ ಹಾಕೇವಿ, ಐನೂರು ಮಂದಿ ಊಟಕ್ಕ ಕುಂದ್ರತಾರ. ಒಂದ ಮೊಬೈಲ್‌ನ್ಯಾಗ ಮಧ್ಯಾಹ್ನ ಮೂರಕ್ಕ ಮಳಿ ಅರವತ್ತು ಪರ್ಸೆಂಟ್ ಅಂತ ತೋರಸ್ತದ. ಇನ್ನೊಂದರಾಗ ಬಿಸಿಲು ತೋರಸ್ತದ. ನಿಮ್ಮ ಟಿವಿಯಾಗ ಇಡೀ ಜಿಲ್ಲಾಕ್ಕ ಒಂದ ಬಣ್ಣ. ನೀವು ಒಂದ ಮಾತ ಹೇಳ್ರಿ. ಮಳಿ ಬರ್ತದೋ ಇಲ್ಲೋ?"

ಒಂದು ಮಾತಲ್ಲಿ ಹೇಳೋಕೆ ನನಗೆ ಆಗಲಿಲ್ಲ. ಪ್ರತಿ ರಾತ್ರಿ ಇಡೀ ರಾಜ್ಯದ ಹವಾಮಾನವನ್ನು ಒಂದೂವರೆ ನಿಮಿಷದಲ್ಲಿ ಓದಿ ಮುಗಿಸುವವನು ನಾನು. "ಯಜಮಾನ್ರೇ, ರಾತ್ರಿ ಕಾರ್ಯಕ್ರಮ ನೋಡಿ, ಅಲ್ಲಿ ಹೇಳ್ತೀನಿ" ಅಂದೆ. ಮಾತು ಕೊಟ್ಟಿದ್ದೇನೆ. ಹಾಗಾಗಿ ಇವತ್ತಿನ ಹತ್ತು ನಿಮಿಷ ಅವರಿಗೆ. ಹಳಿಯಾಳದಲ್ಲಿ, ಜೋಯಿಡಾದಲ್ಲಿ, ಮುಂಡಗೋಡದಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ಆಕಾಶ ನೋಡುತ್ತಿರುವ ಎಲ್ಲರಿಗೂ.

ಮೊದಲು ಆ ಮೊಬೈಲ್ ವಿಷಯ. ಫೋನಿನಲ್ಲಿ "ಕೋಗಿಲಬನ, 35 ಡಿಗ್ರಿ" ಅಂತ ಬರುತ್ತದೆ. ನೋಡಿದವರಿಗೆ ಏನನ್ನಿಸುತ್ತೆ? ಊರಲ್ಲಿ ಎಲ್ಲೋ ಒಂದು ಥರ್ಮಾಮೀಟರ್ ಇದೆ, ಅದನ್ನು ಯಾರೋ ನೋಡಿ ಹೇಳುತ್ತಿದ್ದಾರೆ ಅನ್ನಿಸುತ್ತೆ. ಸಾಮಾನ್ಯವಾಗಿ ಹಾಗಲ್ಲ. ಅದು ಕಂಪ್ಯೂಟರಿನ ಲೆಕ್ಕ. ಭೂಮಿಯನ್ನು ಚೌಕ ಚೌಕವಾಗಿ ಕತ್ತರಿಸಿ, ಪ್ರತಿ ಚೌಕಕ್ಕೂ ಗಾಳಿ, ತೇವ, ಉಷ್ಣತೆ ಲೆಕ್ಕ ಹಾಕುತ್ತಾರೆ. ನಮ್ಮ ಹವಾಮಾನ ಇಲಾಖೆ ಇವತ್ತು ಬಳಸುತ್ತಿರುವ ಮುಖ್ಯ ಜಾಗತಿಕ ಮಾದರಿಯಲ್ಲಿ ಒಂದು ಚೌಕದ ಅಳತೆ ಸುಮಾರು 12 ಕಿಲೋಮೀಟರ್. ಅಂದರೆ 144 ಚದರ ಕಿ.ಮೀ.ಗೆ ಒಂದು ಉತ್ತರ. ದಾಂಡೇಲಿ ಸುತ್ತ ಅಂಥ ಒಂದು ಚೌಕದಲ್ಲಿ ಏನೇನಿರುತ್ತೆ ಯೋಚಿಸಿ. ಕಾಳಿ ನದಿ ಇದೆ, ಕಾಗದದ ಕಾರ್ಖಾನೆ ಇದೆ, ಪೇಟೆಯ ಕಾಂಕ್ರೀಟ್ ಇದೆ, ದಟ್ಟ ಕಾಡಿದೆ. ಕಾಡಿನ ನೆರಳಲ್ಲಿ ನಿಂತವನಿಗೂ ಬಸ್ ನಿಲ್ದಾಣದ ಡಾಂಬರಿನ ಮೇಲೆ ನಿಂತವನಿಗೂ ಫೋನು ಹೇಳುವುದು ಒಂದೇ ನಂಬರ್. ಬೇರೆ ಬೇರೆ ಆ್ಯಪ್‌ಗಳು ಬೇರೆ ಬೇರೆ ಮಾದರಿಗಳನ್ನು ನಂಬುತ್ತವೆ. ಅದಕ್ಕೇ ಒಂದರಲ್ಲಿ ಮಳೆ, ಇನ್ನೊಂದರಲ್ಲಿ ಬಿಸಿಲು.

ಹವಾಮಾನ ಕೇಂದ್ರದಲ್ಲಿ ನಿಜವಾಗಿ ಅಳೆಯುವಾಗಲೂ ಒಂದು ನಿಯಮ ಇದೆ. ಥರ್ಮಾಮೀಟರನ್ನು ಬಿಳಿ ಬಣ್ಣದ, ಗಾಳಿಯಾಡುವ ಪೆಟ್ಟಿಗೆಯೊಳಗೆ, ನೆಲದಿಂದ ನಾಲ್ಕಡಿ ಆಸುಪಾಸಿನ ಎತ್ತರದಲ್ಲಿ ಇಡುತ್ತಾರೆ. ಅಂದರೆ ನಾವು ಓದುವುದು ನೆರಳಿನ ಉಷ್ಣತೆ. ತಗಡಿನ ಚಪ್ಪರದ ಕೆಳಗಿನದ್ದಲ್ಲ, ಹೊಲದಲ್ಲಿ ಬಗ್ಗಿ ನಿಂತವರ ಬೆನ್ನಿನದ್ದೂ ಅಲ್ಲ.

ಇನ್ನು ತೇವಾಂಶ. 35 ಡಿಗ್ರಿಗೆ ಗಾಳಿಯಲ್ಲಿ ತೇವ ಶೇ. 40 ಇದ್ದರೆ ಮೈಗೆ ಅನ್ನಿಸುವುದು ಸುಮಾರು 37. ಅದೇ 35 ಡಿಗ್ರಿಗೆ ತೇವ ಶೇ. 60 ಆದರೆ ಸುಮಾರು 45. ಬೆವರು ಆರಿದರೆ ಮಾತ್ರ ಮೈ ತಣ್ಣಗಾಗುತ್ತೆ, ಒದ್ದೆ ಗಾಳಿಯಲ್ಲಿ ಬೆವರು ಆರಲ್ಲ. ಹುಬ್ಬಳ್ಳಿಯ ಒಣ ಬಿಸಿಲಿಗೂ ದಾಂಡೇಲಿಯ ಧಗೆಗೂ ಇರುವ ವ್ಯತ್ಯಾಸ ಅದೇ. ಬಯಲು ಸೀಮೆಯಲ್ಲಿ 40 ಮುಟ್ಟದೆ ಇಲಾಖೆ "ಬಿಸಿಗಾಳಿ" ಅನ್ನೋ ಪದ ಬಳಸಲ್ಲ. ಟಿವಿಯಲ್ಲಿ ಬಿಸಿಗಾಳಿ ಅಂತ ಬರಲಿಲ್ಲ ಅಂದ ಮಾತ್ರಕ್ಕೆ ಮೈಗೆ ಅಪಾಯ ಇಲ್ಲ ಅಂತ ಅಲ್ಲ.

ಎರಡನೆಯದು, ಆ ಅರವತ್ತು ಪರ್ಸೆಂಟ್. ದಿನದ ಅರವತ್ತು ಭಾಗ ಮಳೆ ಅಂತ ಅದರ ಅರ್ಥ ಅಲ್ಲ. ಊರಿನ ಅರವತ್ತು ಮನೆಗೆ ಮಳೆ ಅಂತಲೂ ಅಲ್ಲ. ಇಂಥದ್ದೇ ಹತ್ತು ದಿನ ಬಂದರೆ, ಅದರಲ್ಲಿ ಆರು ದಿನ ಮಳೆಯಾಗಬಹುದು, ನಾಲ್ಕು ದಿನ ಆಗದೆ ಇರಬಹುದು ಅಂತ ಅರ್ಥ. ಶುಕ್ರವಾರ ಆ ಆರರಲ್ಲಿ ಒಂದೋ, ನಾಲ್ಕರಲ್ಲಿ ಒಂದೋ? ಐದು ದಿನ ಮೊದಲು ಅದನ್ನು ಖಚಿತವಾಗಿ ಹೇಳುವವರು ಯಾರೂ ಇಲ್ಲ.

ಮೂರನೆಯದು ನಮ್ಮ ಟಿವಿಯವರ ತಪ್ಪು. ನನ್ನದೇ ತಪ್ಪಿನಿಂದ ಶುರು ಮಾಡ್ತೀನಿ. ಕಳೆದ ಬೇಸಿಗೆಯಲ್ಲಿ ಒಂದು ಸಂಜೆ ನಾನು "ಉತ್ತರ ಕನ್ನಡದಲ್ಲಿ ಭಾರೀ ಮಳೆ" ಅಂತ ಓದಿದೆ. ಇಲಾಖೆ ಹೇಳಿದ್ದು "ಒಂದೆರಡು ಕಡೆ" ಅಂತ. ಆ ಎರಡು ಪದ ಕೆಳಗಿನ ಪಟ್ಟಿಯಲ್ಲಿ ಹಿಡಿಸಲಿಲ್ಲ, ತೆಗೆದುಬಿಟ್ಟೆವು. ಆ ಎರಡು ಪದಕ್ಕೆ ಲೆಕ್ಕ ಇದೆ ನೋಡಿ. ಒಂದೆರಡು ಕಡೆ ಅಂದರೆ ಮಳೆ ಅಳೆಯುವ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲು ಭಾಗಕ್ಕೆ. ಕೆಲವೆಡೆ ಅಂದರೆ ಅರ್ಧದವರೆಗೆ. ಹಲವೆಡೆ ಅಂದರೆ ಮುಕ್ಕಾಲು ಭಾಗದವರೆಗೆ. ಬಹುತೇಕ ಕಡೆ ಅಂದರೆ ಅದಕ್ಕೂ ಮೇಲೆ. ಆ ಪದ ಬಿಟ್ಟು ಓದಿದರೆ ಮುನ್ಸೂಚನೆಯ ಮುಕ್ಕಾಲು ಭಾಗ ಬಿಟ್ಟು ಓದಿದ ಹಾಗೆ. ಅವತ್ತು ಯಾರು ಯಾರು ಒಣಗಲು ಹಾಕಿದ್ದನ್ನು ಅವಸರದಲ್ಲಿ ಎತ್ತಿಟ್ಟರೋ, ಯಾರು ಕೆಲಸ ನಿಲ್ಲಿಸಿದರೋ, ನನಗೆ ಗೊತ್ತಿಲ್ಲ. ಅವರ ಕ್ಷಮೆ ಕೇಳ್ತೀನಿ.

ಬಣ್ಣದ್ದೂ ಅದೇ ಕಥೆ. ಹಳದಿ ಅಂದರೆ ಗಮನ ಇಡಿ. ಕಿತ್ತಳೆ ಅಂದರೆ ಸಿದ್ಧರಾಗಿ. ಕೆಂಪು ಅಂದರೆ ಈಗಲೇ ಕ್ರಮ ತೆಗೆದುಕೊಳ್ಳಿ. ಇಷ್ಟೇ. ಈ ಬಣ್ಣ ಬರುವುದು ಜಿಲ್ಲೆಗೆ ಒಂದು. ಉತ್ತರ ಕನ್ನಡ ಹತ್ತು ಸಾವಿರ ಚದರ ಕಿ.ಮೀ. ಮೀರಿದ ಜಿಲ್ಲೆ. ಕಾರವಾರದಲ್ಲಿ ಕಡಲು, ಜೋಯಿಡಾದಲ್ಲಿ ಘಟ್ಟ, ಹಳಿಯಾಳ ಮುಂಡಗೋಡದಲ್ಲಿ ಬಯಲು. ಆದರೆ ಇಲಾಖೆಯ ವಿಂಗಡಣೆಯಲ್ಲಿ ಇಡೀ ಜಿಲ್ಲೆ "ಕರಾವಳಿ ಕರ್ನಾಟಕ"ಕ್ಕೆ ಸೇರುತ್ತೆ. ಹಳಿಯಾಳದ ರೈತ ಟಿವಿಯಲ್ಲಿ "ಕರಾವಳಿಯಲ್ಲಿ" ಅಂತ ಕೇಳಿದರೆ ಅದರಲ್ಲಿ ಅವನೂ ಇದ್ದಾನೆ! ಕ್ಯಾಸಲ್‌ರಾಕ್‌ನಲ್ಲಿ ಸುರಿಯುವ ಮಳೆಗೂ ಹಳಿಯಾಳದಲ್ಲಿ ಬೀಳುವ ಮಳೆಗೂ ಹೋಲಿಕೆಯೇ ಇಲ್ಲ. ಹಾಗಾಗಿ ನನ್ನ ಸಲಹೆ ಇಷ್ಟು. ಹಳಿಯಾಳ, ಮುಂಡಗೋಡ, ದಾಂಡೇಲಿಯವರು ಉತ್ತರ ಕನ್ನಡದ ಮುನ್ಸೂಚನೆ ನೋಡುವಾಗ ಪಕ್ಕದ ಧಾರವಾಡ ಜಿಲ್ಲೆಯದ್ದನ್ನೂ ಒಮ್ಮೆ ನೋಡಿ. ಎರಡೂ ಒಂದೇ ಮಾತು ಹೇಳಿದರೆ ನಂಬಿಕೆ ಜಾಸ್ತಿ ಇಡಬಹುದು.

ಈಗ ಮಳೆಯ ಸಮಯಕ್ಕೆ ಬರೋಣ. ಮೇ ತಿಂಗಳ ಮಳೆಗೆ ಒಂದು ದಿನಚರಿ ಇದೆ. ಬೆಳಗ್ಗೆ ಆಕಾಶ ಸ್ವಚ್ಛ. ಹನ್ನೊಂದರ ಹೊತ್ತಿಗೆ ನೆಲ ಕಾಯುತ್ತೆ. ಅರಬ್ಬಿ ಸಮುದ್ರದಿಂದ ಬರುವ ಒದ್ದೆ ಗಾಳಿ ಘಟ್ಟ ಹತ್ತುತ್ತೆ, ಒಳನಾಡಿನಿಂದ ಬರುವ ಒಣ ಗಾಳಿ ಅದಕ್ಕೆ ಎದುರಾಗುತ್ತೆ. ಎರಡು ಗಾಳಿ ಸೇರುವ ಕಡೆ ಬಿಸಿ ಗಾಳಿ ನೇರ ಮೇಲಕ್ಕೆ ಏರಿ ಮೋಡ ಗೋಪುರದ ಹಾಗೆ ಬೆಳೆಯುತ್ತೆ. ಮೂರು ಗಂಟೆ ಮೇಲೆ ಗುಡುಗು. ಅಂಥ ಒಂದು ಮೋಡದ ಅಗಲ ಕೆಲವೇ ಕಿಲೋಮೀಟರ್. ಆಯುಸ್ಸು ಮುಕ್ಕಾಲು ಗಂಟೆಯೋ ಒಂದು ಗಂಟೆಯೋ. ಹನ್ನೆರಡು ಕಿಲೋಮೀಟರಿನ ಬಲೆಯಲ್ಲಿ ಅಷ್ಟು ಸಣ್ಣ ಮೀನು ಸಿಗೋದು ಕಷ್ಟ. ದಾಂಡೇಲಿ ಪೇಟೆಯಲ್ಲಿ ಸುರಿದು ಪಕ್ಕದ ಊರಲ್ಲಿ ಧೂಳು ಹಾರಿದರೆ ಅದು ಮುನ್ಸೂಚನೆಯ ಮೋಸ ಅಲ್ಲ, ಆ ಮಳೆಯ ಸ್ವಭಾವವೇ ಅದು.

ನಮ್ಮ ಹಿರಿಯರಿಗೂ ಒಂದು ಲೆಕ್ಕ ಇತ್ತು. ಅಶ್ವಿನಿ ಮುಗಿಯಿತು, ಭರಣಿ ಮುಗಿಯಿತು, ಇವತ್ತಿಗೆ ಕೃತ್ತಿಕೆ ಶುರು. ಮುಂದೆ ರೋಹಿಣಿ, ಆಮೇಲೆ ಮೃಗಶಿರ. ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. ಗಮನಿಸಿ, ಅವರು ಯಾವತ್ತೂ "ಶುಕ್ರವಾರ ಮೂರು ಗಂಟೆಗೆ" ಅನ್ನಲಿಲ್ಲ. ಎರಡು ವಾರದ ಅಂದಾಜು ಹೇಳಿದರು, ಉಳಿದದ್ದಕ್ಕೆ ತಯಾರಿ ಮಾಡಿಕೊಂಡರು.

ಹಾಗಾದರೆ ಯಾವುದನ್ನು ಎಷ್ಟು ನಂಬಬೇಕು? ಮುಂದಿನ ಮೂರು ಗಂಟೆಗೆ ಅಂತ ಇಲಾಖೆ ರಡಾರ್, ಉಪಗ್ರಹ ನೋಡಿ ಕೊಡುವ ಎಚ್ಚರಿಕೆ ಬಂದರೆ ಕೂಡಲೇ ನಂಬಿ. ನಾಳೆ ನಾಡಿದ್ದಿನ ಮುನ್ಸೂಚನೆ ಇಟ್ಟುಕೊಂಡು ಕೆಲಸ ಯೋಜಿಸಬಹುದು. ನಾಲ್ಕೈದು ದಿನದ್ದು ಒಲವು ಮಾತ್ರ. ಹದಿನೈದನೇ ದಿನದ ಸಂಜೆ ನಾಲ್ಕಕ್ಕೆ ಮಳೆ ಅಂತ ಫೋನು ಚಿತ್ರ ತೋರಿಸಿದರೆ ನಕ್ಕು ಮುಂದೆ ಹೋಗಿ.

ಮುಂಗಾರಿನದ್ದು ಬೇರೆ ಲೆಕ್ಕ. ಅದು ಸಾವಿರಾರು ಕಿಲೋಮೀಟರ್ ಉದ್ದದ ಗಾಳಿಯ ವ್ಯವಸ್ಥೆ, ಮೊದಲೇ ಸುಳಿವು ಕೊಡುತ್ತೆ. ನಿನ್ನೆ ಇಲಾಖೆ ಹೇಳಿದೆ: ಈ ವರ್ಷ ಮುಂಗಾರು ಕೇರಳ ಮುಟ್ಟುವುದು ಮೇ 27ಕ್ಕೆ. ವಾಡಿಕೆಯ ದಿನ ಜೂನ್ 1. ನಿನ್ನೆಯಿಂದ ಎಲ್ಲ ಚಾನೆಲ್‌ಗಳಲ್ಲೂ "ಮೇ 27" ದೊಡ್ಡ ಅಕ್ಷರದಲ್ಲಿ ಬರ್ತಿದೆ. ಅದರ ಪಕ್ಕದಲ್ಲಿ ಇಲಾಖೆ ಬರೆದ ಇನ್ನೊಂದು ಅಂಕಿ ಯಾರ ಪರದೆಯಲ್ಲೂ ನನಗೆ ಕಾಣಲಿಲ್ಲ. ನಾಲ್ಕು ದಿನ ಆಚೆ ಈಚೆ.

ನಾನು ಓದಿದ್ದು ಇಂಜಿನಿಯರಿಂಗ್. ಲ್ಯಾಬಿನಲ್ಲಿ ನಮ್ಮ ಮೇಷ್ಟ್ರು ಒಬ್ಬರಿದ್ದರು. ರೀಡಿಂಗ್ ಎಷ್ಟೇ ಸರಿಯಾಗಿ ಬರೆದರೂ ಪಕ್ಕದಲ್ಲಿ ಪ್ಲಸ್ ಆರ್ ಮೈನಸ್ ಇಲ್ಲದಿದ್ದರೆ ಜರ್ನಲ್‌ಗೆ ಸಹಿ ಹಾಕುತ್ತಿರಲಿಲ್ಲ. "ಎಷ್ಟು ತಪ್ಪಿರಬಹುದು ಅಂತ ಹೇಳದವನ ಅಳತೆ ನಂಗೆ ಬೇಡ" ಅನ್ನುತ್ತಿದ್ದರು. ಅವತ್ತು ಬೈಗುಳ ಅನ್ನಿಸಿತ್ತು. ಹತ್ತು ವರ್ಷ ಕ್ಯಾಮೆರಾ ಮುಂದೆ ಕೂತ ಮೇಲೆ ಅದರ ಅರ್ಥ ಆಗ್ತಿದೆ.

ಹಾಗಾಗಿ ಮುಂಗಾರು ಕೇರಳಕ್ಕೆ ಮೇ 23ರಿಂದ 31ರ ಒಳಗೆ ಅಂತ ಓದಿಕೊಳ್ಳಿ. ಕೇರಳ, ಲಕ್ಷದ್ವೀಪ ಮತ್ತು ನಮ್ಮ ಮಂಗಳೂರು ಸೇರಿ 14 ಕೇಂದ್ರಗಳಿವೆ. ಅವುಗಳಲ್ಲಿ ಶೇ. 60ರಷ್ಟು ಕಡೆ ಎರಡು ದಿನ ಸತತವಾಗಿ ಕನಿಷ್ಠ 2.5 ಮಿಲಿಮೀಟರ್ ಮಳೆ ಬೀಳಬೇಕು, ಗಾಳಿಯ ದಿಕ್ಕು ಆಳ ಸರಿ ಇರಬೇಕು, ಮೋಡ ದಟ್ಟವಾಗಿರಬೇಕು. ಆಗಲೇ ಘೋಷಣೆ. ಅಲ್ಲಿಂದ ಕಾರವಾರದ ಕಡೆ ಬರಲು ಸಾಮಾನ್ಯವಾಗಿ ಇನ್ನೂ ನಾಲ್ಕೈದು ದಿನ. ಈ ಸಲ ದೇಶಕ್ಕೆ ವಾಡಿಕೆಯ ಶೇ. 105ರಷ್ಟು ಮಳೆ ಅಂತ ಏಪ್ರಿಲ್‌ನಲ್ಲಿ ಹೇಳಿದ್ದಾರೆ. ಅದು ಇಡೀ ದೇಶದ ನಾಲ್ಕು ತಿಂಗಳ ಲೆಕ್ಕ, ನಿಮ್ಮ ಹೊಲದ ಲೆಕ್ಕ ಅಲ್ಲ.

ಹಳಿಯಾಳ, ಮುಂಡಗೋಡದ ಕೂರಿಗೆ ಭತ್ತದ ರೈತರಿಗೆ ಇದು ಬಹಳ ಮುಖ್ಯ. ಈಗ ಬೀಳುವ ಗುಡುಗು ಮಳೆ ಮುಂಗಾರು ಅಲ್ಲ. ಇದನ್ನು ನೆಲ ಹದ ಮಾಡೋಕೆ ಬಳಸಿಕೊಳ್ಳಿ. ಒಂದು ಸಂಜೆ ಜೋರಾಗಿ ಸುರಿಯಿತು ಅಂತ ಮಾತ್ರ ಬೀಜ ಹಾಕಬೇಡಿ. ಮೊಳಕೆ ಬಂದ ಮೇಲೆ ಎರಡು ವಾರ ಒಣ ಹೋದರೆ ಬೀಜದ ದುಡ್ಡು ಯಾರೂ ವಾಪಸ್ ಕೊಡಲ್ಲ.

ಈಗ ಕೋಗಿಲಬನದ ಯಜಮಾನರಿಗೆ ನನ್ನ ಉತ್ತರ.

ಈ ವಾರ ದಕ್ಷಿಣ ಭಾರತದಲ್ಲಿ ಗುಡುಗು ಮಳೆ ಇದೆ ಅನ್ನೋದು ಇಲಾಖೆಯ ಮಾತು. ಶುಕ್ರವಾರ ನಿಮ್ಮ ಅಂಗಳಕ್ಕೇ ಬರುತ್ತಾ ಅಂತ ಇವತ್ತು ಹೇಳೋಕೆ ಆಗಲ್ಲ. ಬಂದರೆ ಬೆಳಗ್ಗೆಗಿಂತ ಮಧ್ಯಾಹ್ನ ಮೂರರ ನಂತರ ಬರುವ ಸಾಧ್ಯತೆ ಜಾಸ್ತಿ ಅಂತ ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಆದ್ದರಿಂದ ಮೊದಲ ಪಂಕ್ತಿ ಹನ್ನೊಂದೂವರೆಗೇ ಕೂರಿಸಿ. ಕೊನೆಯ ಪಂಕ್ತಿ ಎರಡರೊಳಗೆ ಏಳಲಿ. ಬುಧವಾರ ರಾತ್ರಿ ಮತ್ತೆ ಮುನ್ಸೂಚನೆ ನೋಡಿ, ಅದಕ್ಕೆ ಬೆಲೆ ಜಾಸ್ತಿ.

ಚಪ್ಪರಕ್ಕೆ ತಗಡು ಹಾಕಿದ್ದರೆ ಪಕ್ಕಗಳನ್ನು ತೆರೆದಿಡಿ, ವಯಸ್ಸಾದವರನ್ನು ಒಳಗೆ ಕೂರಿಸಿ, ನೀರು ಮಜ್ಜಿಗೆ ಕೈಗೆ ಸಿಗುವಂತಿರಲಿ. ಗುಡುಗು ಕೇಳಿದರೆ ಯಾರೂ ಚಪ್ಪರದ ಕಬ್ಬಿಣದ ಕಂಬದ ಬಳಿ, ಮರದ ಕೆಳಗೆ ನಿಲ್ಲೋದು ಬೇಡ. ಮಿಂಚು ಕಂಡ ಮೇಲೆ ಎಣಿಸಿ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ ಅಂತ ಲೆಕ್ಕ. ಎಲ್ಲರೂ ಗಟ್ಟಿ ಮನೆಯೊಳಗೆ ಹೋಗಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಅಲ್ಲೇ ಇರಿ. ಪುಣೆಯ ಹವಾಮಾನ ಸಂಸ್ಥೆಯವರು ಮಾಡಿದ "ದಾಮಿನಿ" ಆ್ಯಪ್ ಇದೆ, ಸುತ್ತಮುತ್ತ ಸಿಡಿಲು ಬಡಿಯುತ್ತಿದ್ದರೆ ಎಚ್ಚರಿಸುತ್ತೆ. ಮನೆಯ ಹುಡುಗರೊಬ್ಬರ ಫೋನಿನಲ್ಲಿ ಇರಲಿ.

ಹೌದು ಅಥವಾ ಇಲ್ಲ ಅಂತ ಹೇಳಲಿಲ್ಲ ಅಂತ ಬೇಸರ ಮಾಡ್ಕೋಬೇಡಿ. ಸುಳ್ಳು ಧೈರ್ಯ ಹೇಳಿ ಐನೂರು ಎಲೆ ನೀರಲ್ಲಿ ತೇಲುವುದಕ್ಕಿಂತ ಇದು ಒಳ್ಳೆಯದು. ಮಗಳಿಗೆ ನಮ್ಮೆಲ್ಲರ ಶುಭಾಶಯ ಹೇಳಿ. ನಮಸ್ಕಾರ.

(ಪುಸ್ತಕಕ್ಕೆ ಸೇರಿಸುವಾಗ: ಮುಂಗಾರು ಕೇರಳಕ್ಕೆ ಬಂದದ್ದು ಮೇ 24ಕ್ಕೆ. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. "ಇಲಾಖೆಯ ಲೆಕ್ಕ ತಪ್ಪಿತು" ಅಂತ ಹೇಳಿದವರಿದ್ದರು. ನಾಲ್ಕು ದಿನ ಆಚೆ ಈಚೆ ಅಂತ ಹೇಳಿದ್ದರು, ಮೂರು ದಿನ ಈಚೆ ಬಂತು. ಎರಡೇ ದಿನದಲ್ಲಿ ಮುಂಬೈ ಮುಟ್ಟಿದ ಮುಂಗಾರು ಮೇ ಕೊನೆಗೆ ನಿಂತು, ಜೂನ್ ಮಧ್ಯದವರೆಗೆ ಮುಂದೆ ಕದಲಲಿಲ್ಲ. ಮೇ 26ಕ್ಕೆ ಇಲಾಖೆಯ ಹೊಸ ಮಾದರಿ "ಭಾರತ್ ಫೋರ್‌ಕಾಸ್ಟ್ ಸಿಸ್ಟಮ್" ಬಂತು, ಚೌಕ 12ರಿಂದ 6 ಕಿಲೋಮೀಟರಿಗೆ ಇಳಿಯಿತು. ಬಲೆಯ ಕಣ್ಣು ಸಣ್ಣದಾಯಿತು, ಮೀನು ಇನ್ನೂ ಸಣ್ಣದೇ.

ಮದುವೆಯಾದ ಮರುದಿನ ಕೋಗಿಲಬನದಿಂದ ಫೋನ್ ಬಂತು. "ಮಳೆ ಬಂತಾ?" ಅಂತ ಕೇಳಿದೆ. "ಬಂದಿದ್ರೂ ಏನೂ ಆಗ್ತಿರಲಿಲ್ರಿ ಸರ್ರ, ಎರಡಕ್ಕ ಊಟಾ ಮುಗಿಸಿ ಎಲಿ ಎತ್ತಿದ್ವಿ" ಅಂದರು.)