ಸಡಿಲವಾದ ಉಂಗುರ

(ನಮ್ಮ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ನಾವು ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವವರು. ಮೆಟ್ರಿಕ್ಕಿನ ಆಚೆಗೆ ಓದಿದವರಲ್ಲ. ಸಾಯಂಕಾಲ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಡುವುದಷ್ಟೇ ನಮ್ಮ ಸೇವೆ. ಇಂಥವರು ಭಾಷಣಕ್ಕೆ ನಿಲ್ಲಲು ಕಾರಣ, ಹೋದ ಮಳೆಗಾಲದಲ್ಲಿ ಇದೇ ಮೇಜಿನ ಬಳಿ ನಡೆದ ಒಂದು ಸಂಗತಿ.

ನಮ್ಮ ಹಿರಿಯ ಓದುಗರೊಬ್ಬರು ದಿನವೂ ಸಂಜೆ ಬರುತ್ತಾರೆ. ಅಂದು ಪತ್ರಿಕೆ ಮಡಿಸಿಟ್ಟು ಎದ್ದವರು ಬೆರಳು ಮುಟ್ಟಿಕೊಂಡು ಹಾಗೆಯೇ ಕುಳಿತುಬಿಟ್ಟರು. ಉಂಗುರ ಇರಲಿಲ್ಲ. ಮದುವೆಯಲ್ಲಿ ಬಂದ ಉಂಗುರ. ಒಳಮೈಯಲ್ಲಿ ತೀರಿಹೋದ ಮನೆಯವರ ಹೆಸರಿನ ಎರಡು ಅಕ್ಷರ. 1982ನೆಯ ಜನವರಿ 18ರಂದು ಗಿರಣಿ ಮುಷ್ಕರ ಮೊದಲಾದ ಮೇಲೆ ಅವರ ಮನೆಯ ತಾಮ್ರದ ಹಂಡೆಯವರೆಗೆ ಎಲ್ಲವೂ ಒತ್ತೆಗೆ ಹೋಯಿತಂತೆ, ಇದೊಂದು ಹೋಗಲಿಲ್ಲವಂತೆ. ನಾವು ನಾಲ್ವರು ಬೆಂಚಿನ ಕೆಳಗೆ, ಮೆಟ್ಟಿಲ ಮೇಲೆ, ಚಪ್ಪಲಿಗಳ ನಡುವೆ ಹುಡುಕಿದೆವು. ಕೊನೆಗೆ ರದ್ದಿಯವನಿಗೆಂದು ಕಟ್ಟಿಟ್ಟ ಹೊರೆಯನ್ನು ಬಿಚ್ಚಿ ಒಂದೊಂದೇ ಹಾಳೆ ಕೊಡವಿದಾಗ ಒಂದು ಮಡಿಕೆಯೊಳಗಿನಿಂದ ಠಣ್ಣೆಂದು ಬಿತ್ತು. ರದ್ದಿಯವನು ಬರುವುದು ಮರುದಿನ ಬೆಳಿಗ್ಗೆ!

ಸಡಿಲ ಉಂಗುರದಿಂದ ಕೆಟ್ಟವರ ಕಥೆ ಹಳೆಯದು. ಶಕುಂತಲೆಯ ಉಂಗುರ ಶಚೀತೀರ್ಥದಲ್ಲಿ ಜಾರಿ ಮೀನಿನ ಹೊಟ್ಟೆ ಸೇರಿದ್ದನ್ನು ಎಲ್ಲರೂ ಬಲ್ಲಿರಿ. ಬಸವಪ್ಪ ಶಾಸ್ತ್ರಿಗಳು ಆ ನಾಟಕವನ್ನು ಕನ್ನಡಕ್ಕೆ ತಂದು ‘ಅಭಿನವ ಕಾಳಿದಾಸ’ರೆನಿಸಿದರು. ವಿಶಾಖದತ್ತನ ‘ಮುದ್ರಾರಾಕ್ಷಸ’ದಲ್ಲಿ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ ಪ್ರಸಂಗವಿದೆ. ಹೊರಗೆ ಓಡಿದ ಮಗುವನ್ನು ಒಳಗೆಳೆದುಕೊಳ್ಳುವಾಗ ಹೆಂಗಸೊಬ್ಬಳ ಬೆರಳಿನಿಂದ ಅಮಾತ್ಯ ರಾಕ್ಷಸನ ಮುದ್ರೆಯುಂಗುರ ಜಾರಿ, ಉರುಳಿ, ಚಾಣಕ್ಯನ ಗೂಢಚಾರನ ಕಾಲ ಬಳಿ ನಿಲ್ಲುತ್ತದೆ. ಜಾರಿದ್ದೇಕೆ? ಗಂಡಸಿನ ಬೆರಳಿನ ಅಳತೆಗೆ ಮಾಡಿದ್ದರಿಂದ. ಆ ಉಂಗುರವೇ ಚಾಣಕ್ಯನ ಕೈಯಲ್ಲಿ ಅಸ್ತ್ರವಾಯಿತು. ಅಂದು ಆಕೆ ನಾಲ್ಕು ಸುತ್ತು ನೂಲು ಸುತ್ತಿಕೊಂಡಿದ್ದರೆ ರಾಕ್ಷಸನ ಗತಿ ಬೇರೆಯಾಗುತ್ತಿತ್ತೋ ಏನೋ!

ಇರಲಿ. ಉಂಗುರ ಸಡಿಲವೆನಿಸಿದರೆ ಮೊದಲು ಬೆರಳನ್ನು ವಿಚಾರಿಸಬೇಕು. ಸೆಕೆಯಲ್ಲಿ ಬೆರಳು ಊದುತ್ತದೆ, ತಂಪಿನಲ್ಲಿ ಸೊರಗುತ್ತದೆ. ನಮ್ಮ ಮುಂಬಯಿಯ ಮೇ ತಿಂಗಳಲ್ಲಿ ಬಿಗಿಯಾದ ಉಂಗುರವೇ ಏರ್ ಕಂಡೀಶನ್ ಹಾಕಿದ ಕಚೇರಿಯಲ್ಲಿ ತಿರುಗತೊಡಗುತ್ತದೆ. ಆದಕಾರಣ ಒಂದು ಹೊತ್ತಿನ ಅಳತೆಯನ್ನು ನಂಬಬಾರದು. ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಕಾಗದದ ಪಟ್ಟಿ ಸುತ್ತಿ ನೋಡತಕ್ಕದ್ದು. ಬೆರಳಿನ ಗೆಣ್ಣನ್ನೂ ಅಳೆಯಿರಿ, ಏಕೆಂದರೆ ಉಂಗುರ ಅದನ್ನು ದಾಟಿ ಒಳಗೆ ಹೋಗಬೇಕು.

ಇನ್ನು ಉಪಾಯಗಳು. ಎಲ್ಲಕ್ಕೂ ಹಳೆಯದು ನೂಲು. ಉಂಗುರದ ಮೇಲ್ಭಾಗವನ್ನು ಬಿಟ್ಟು, ಅಂಗೈಯ ಕಡೆಗೆ ಬರುವ ಕೆಳಭಾಗಕ್ಕೆ ಮಾತ್ರ ಸುತ್ತಬೇಕು. ನೂಲಿನ ತುದಿಯನ್ನು ಕಂಬಿಯ ಉದ್ದಕ್ಕೆ ಮಲಗಿಸಿ, ಅದರ ಮೇಲೆಯೇ ಸುತ್ತುತ್ತ ಹೋದರೆ ಮೊದಲ ಗಂಟು ಬೇಡ. ಸುತ್ತುಗಳು ಒಂದರ ಪಕ್ಕದಲ್ಲಿ ಒಂದು ಕೂರಬೇಕು, ಒಂದರ ಮೇಲೊಂದು ಹತ್ತಬಾರದು. ಹದಿನೈದಿಪ್ಪತ್ತು ಸುತ್ತಾದ ಮೇಲೆ ಹಾಕಿ ನೋಡಿ. ಸಾಲದಿದ್ದರೆ ಅದರ ಮೇಲೆ ಇನ್ನೊಂದು ಪದರ. ಕೊನೆಯ ತುದಿಯನ್ನು ಸೂಜಿಯಿಂದ ಸುತ್ತುಗಳ ಅಡಿಗೆ ತೂರಿಸಿ ಎಳೆದು ಕತ್ತರಿಸಿ, ಸ್ವಲ್ಪ ಜೇನುಮೇಣ ಉಜ್ಜಿ.

ಯಾವ ನೂಲು? ಇದು ನಮ್ಮ ಗಿರಣಿಯ ಮಾತು. ಒಂದು ಪೌಂಡು ಹತ್ತಿ ನೂಲಿನಲ್ಲಿ 840 ಗಜದ ಎಷ್ಟು ಲಡಿಗಳಿವೆಯೋ ಅದೇ ಆ ನೂಲಿನ ನಂಬರು. ನಂಬರು ಏರಿದಷ್ಟೂ ನೂಲು ಸಣ್ಣ. ದಪ್ಪ ನೂಲಿನ ನಾಲ್ಕು ಸುತ್ತಿಗಿಂತ ಸಣ್ಣ ನೂಲಿನ ಇಪ್ಪತ್ತು ಸುತ್ತು ಬೆರಳಿಗೆ ಹಿತ. ಆದರೆ ಹತ್ತಿ ನೀರು ಹಿಡಿಯುತ್ತದೆ. ಒದ್ದೆ ನೂಲು ಚರ್ಮಕ್ಕೆ ತುರಿಕೆ ತರುತ್ತದೆ. ಪಾತ್ರೆ ತೊಳೆಯುವವರಿಗೆ, ಹೋಟೆಲಿನಲ್ಲಿ ದುಡಿಯುವವರಿಗೆ ಬೇಗ ಒಣಗುವ ನೈಲಾನ್ ಅಥವಾ ಪಾಲಿಯೆಸ್ಟರ್ ದಾರವೇ ಲೇಸು. ಯಾವುದೇ ಇರಲಿ, ಹದಿನೈದು ದಿನಕ್ಕೊಮ್ಮೆ ಬಿಚ್ಚಿ ಉಂಗುರ ತೊಳೆದು ಹೊಸದು ಸುತ್ತಿರಿ. ಕಂಬಿಗೆ ಸುರುಳಿಯಾಗಿ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ದಾರವೂ ಈಗ ಅಂಗಡಿಯಲ್ಲಿ ಸಿಗುತ್ತದೆ.

ಬಣ್ಣವಿಲ್ಲದ ಉಗುರುಬಣ್ಣವನ್ನು ಒಳಮೈಗೆ ಪದರ ಪದರವಾಗಿ ಹಚ್ಚಿ ಒಣಗಿಸುವವರಿದ್ದಾರೆ. ಎರಡು ದಿನದ ಮದುವೆಮನೆಗೆ ಅದು ಸಾಕು, ಬೇಗ ಸುಲಿಯುತ್ತದೆ. ಮುತ್ತು, ಹವಳದ ಉಂಗುರಕ್ಕೆ ಮಾತ್ರ ಬೇಡ. ಬಣ್ಣ ತೆಗೆಯುವ ದ್ರವ ಅವನ್ನು ಕೆಡಿಸುತ್ತದೆ. ಇನ್ನೊಂದು ಸುಲಭದ ದಾರಿ: ಬಿಗಿಯಾದ ಒಂದು ಸಾದಾ ಉಂಗುರವನ್ನು ಅದರ ಮುಂದೆ ಕಾವಲಿಗೆ ಹಾಕಿಕೊಳ್ಳುವುದು.

ಮಾಡಬಾರದ್ದು ಎರಡು. ಇಕ್ಕಳದಿಂದ ಒತ್ತಬೇಡಿ, ಚಿನ್ನ ಸೊಟ್ಟಗಾಗುತ್ತದೆ, ಹರಳು ಸಡಿಲುತ್ತದೆ. ಗಟ್ಟಿಯಾಗಿ ಅಂಟುವ ಅಂಟುಗಳನ್ನು ಹಚ್ಚಬೇಡಿ. ಹಾಗೆಯೇ ಯಂತ್ರದ ಬಳಿ ನಿಲ್ಲುವವರು ಉಂಗುರ ಸಡಿಲವಿರಲಿ, ಬಿಗಿಯಿರಲಿ, ಕಳಚಿಟ್ಟೇ ನಿಲ್ಲಬೇಕು. ಉಂಗುರ ಎಲ್ಲಿಯಾದರೂ ಸಿಕ್ಕಿಕೊಂಡರೆ ಬೆರಳಿನ ಚರ್ಮವೇ ಕಿತ್ತುಬರುತ್ತದೆ. ಲೋಕಲ್ ಗಾಡಿಯ ಬಾಗಿಲಲ್ಲಿ ನೇತಾಡುವ ತರುಣರೂ ಇದನ್ನು ಮನಸ್ಸಿನಲ್ಲಿಡಲಿ.

ಇವೆಲ್ಲ ತಾತ್ಕಾಲಿಕ. ಶಾಶ್ವತ ಬೇಕಾದರೆ ಅಕ್ಕಸಾಲಿಗನೇ ಗತಿ. ಉತ್ತರದವರು ಪತ್ತಾರನೆನ್ನಲಿ, ಕರಾವಳಿಯವರು ಆಚಾರಿಯೆನ್ನಲಿ. ಅವನು ತುಂಡು ಕತ್ತರಿಸಿ ಬೆಸೆಯಬಲ್ಲ. ಕತ್ತರಿಸದೆ ಒಳಗೆ ಎರಡು ಸಣ್ಣ ಗುಂಡುಗಳನ್ನೂ ಬೆಸೆಯಬಲ್ಲ. ಕೊಡುವಾಗ ತೂಕ, ಪಡೆಯುವಾಗ ತೂಕ. ಕತ್ತರಿಸಿದ ಚೂರನ್ನು ಕೇಳಿ ಪಡೆಯಿರಿ. ಹಾಲ್‌ಮಾರ್ಕಿನ ಮೇಲೆ ಗರಗಸ ಬೀಳದಿರಲಿ ಎಂದು ಮೊದಲೇ ಹೇಳಿ. 22 ಕ್ಯಾರಟ್ಟಿನದಾದರೆ ಅಲ್ಲಿ 916 ಎಂದಿರುತ್ತದೆ, ಎಂದರೆ ಸಾವಿರ ಪಾಲಿನಲ್ಲಿ 916 ಪಾಲು ಚಿನ್ನ.

ನಮ್ಮ ಹಿರಿಯರು ಕತ್ತರಿಸಲು ಒಪ್ಪಲಿಲ್ಲ, ಒಳಗಿನ ಅಕ್ಷರಗಳಿಗಾಗಿ. ಇದೇ ಮೇಜಿನ ಮೇಲೆ ನಾವೇ ಇಪ್ಪತ್ತೆರಡು ಸುತ್ತು ನೈಲಾನ್ ದಾರ ಸುತ್ತಿಕೊಟ್ಟೆವು. ಸುತ್ತುವಾಗ ನಮಗೆ ಒಂದು ಮಾತು ಹೊಳೆಯಿತು: ಐವತ್ತು ವರ್ಷ ಕೂತ ಉಂಗುರ ನಾಲ್ಕು ತಿಂಗಳಲ್ಲಿ ಇಷ್ಟು ಸಡಿಲವಾಗುವುದುಂಟೆ? “ರಾಯರೇ, ಡಾಕ್ಟರಿಗೆ ಒಮ್ಮೆ ತೋರಿಸಿ” ಎಂದೆವು. “ವಯಸ್ಸಾಯಿತಪ್ಪಾ, ಅಷ್ಟೆ” ಎಂದರು. ನಾವು ಬಿಡದೆ ಮಗನಿಗೆ ಹೇಳಿಕಳುಹಿಸಿದೆವು. ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಹೊರಬಿತ್ತು, ಒಳಗೊಳಗೇ ಇಳಿಸುತ್ತಿತ್ತು.

ಮೈ ಏಕೆ ಸೊರಗಿತೆಂಬುದು ಗೊತ್ತಿಲ್ಲದೆ ಉಂಗುರಕ್ಕೆ ನೂಲು ಸುತ್ತಿ ಸುಮ್ಮನಾಗಬೇಡಿರೆಂಬುದೇ ಇಂದು ನಮ್ಮ ಮುಖ್ಯ ಬಿನ್ನಹ.

ಔಷಧಿ, ಪಥ್ಯ ನಡೆದಿದೆ. ಹೋದ ವಾರ ಅವರು ಬಂದು ಕೈ ಚಾಚಿ, “ಬಿಗಿಯಾಗುತ್ತಿದೆಯಪ್ಪಾ, ನೋಡು” ಎಂದರು. ಐದು ಸುತ್ತು ಬಿಚ್ಚಿಕೊಟ್ಟೆವು. ಇನ್ನು ಹದಿನೇಳು ಉಳಿದಿವೆ.