ಕಾಣೆಯಾದವರ ಪರವಾಗಿ ಒಂದು ಅರ್ಜಿ



ಸಾವಾದ ಮನೆಯಲ್ಲಿ ಅಳು ಇರುತ್ತದೆ. ಕರ್ಮಾಂತರಗಳು ಮುಗಿದ ಮೇಲೆ ಬದುಕು ನಿಧಾನವಾಗಿ ಹಳಿಗೆ ಬರುತ್ತದೆ. ಆದರೆ ಮನೆಮಗನನ್ನು ಯಾರೋ ಎಳೆದೊಯ್ದು, ಕೇಳಲು ಹೋದರೆ ಪೊಲೀಸರು ‘ನಮಗೆ ಗೊತ್ತೇ ಇಲ್ಲ’ ಎಂದರೆ? ತಿಥಿ ಮಾಡುವಂತಿಲ್ಲ, ಬಂದೇ ಬರುತ್ತಾನೆಂದು ನಂಬುವಂತೆಯೂ ಇಲ್ಲ. ಹೀಗೆ ಸರ್ಕಾರದ ಕಡೆಯವರೇ ಅಥವಾ ಅದರ ಸಮ್ಮತಿ ಪಡೆದವರು ಒಬ್ಬರನ್ನು ಹಿಡಿದು, ಆಮೇಲೆ ಹಿಡಿದದ್ದನ್ನೇ ಅಲ್ಲಗಳೆಯುವುದನ್ನು ‘ಬಲವಂತದ ಕಣ್ಮರೆ’ ಎನ್ನುತ್ತಾರೆ.

ಮಧ್ಯ ಅಮೆರಿಕದ ಹೊಂಡುರಾಸ್ ದೇಶದಲ್ಲಿ ಮನ್‌ಫ್ರೆಡೊ ವೆಲಾಸ್ಕೆಸ್ ಎಂಬ ವಿದ್ಯಾರ್ಥಿ 1981ರ ಸೆಪ್ಟೆಂಬರ್ 12ರಂದು ಹೀಗೆಯೇ ಕಣ್ಮರೆಯಾದರು. ಅಲ್ಲಿನ ಕೋರ್ಟುಗಳಲ್ಲಿ ಮೂರು ಬಾರಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರೂ ಫಲ ಸಿಗಲಿಲ್ಲ. ಆದರೆ ಅದೇ ಅಕ್ಟೋಬರಿನಲ್ಲಿ ಅಂತರ ಅಮೆರಿಕ ಮಾನವ ಹಕ್ಕುಗಳ ಆಯೋಗಕ್ಕೆ ಹೋದ ದೂರು ಮುಂದೆ ಅಂತರ ಅಮೆರಿಕ ನ್ಯಾಯಾಲಯದ ಮೆಟ್ಟಿಲೇರಿತು. 1988ರ ಜುಲೈ 29ರಂದು ತೀರ್ಪು ಬಂತು: ಹೊಣೆ ಸರ್ಕಾರದ್ದೇ.

ಈ ತೀರ್ಪು ಏಕೆ ಮುಖ್ಯ? ಸಾಕ್ಷ್ಯ ಅಳಿಸುವುದೇ ಈ ಅಪರಾಧದ ಹುನ್ನಾರ. ಹಾಗಿರುವಾಗ ಸಾಕ್ಷ್ಯದ ಭಾರವನ್ನೆಲ್ಲ ನೊಂದವರ ಮೇಲೆ ಹೇರುವುದು ಸಲ್ಲ, ಸಾಂದರ್ಭಿಕ ಸಾಕ್ಷ್ಯವನ್ನೂ ಒಪ್ಪಬೇಕು ಎಂದಿತು ನ್ಯಾಯಾಲಯ. ಕಾಣೆಯಾದವರ ಗತಿ ತಿಳಿಯುವವರೆಗೂ ತನಿಖೆ ನಡೆಸುವ ಕರ್ತವ್ಯ ಮುಗಿಯುವುದಿಲ್ಲ ಎಂದೂ ಹೇಳಿತು.

ವಿಶ್ವಸಂಸ್ಥೆಯಲ್ಲಿ ಇದಕ್ಕಾಗಿ ಎರಡು ಬಾಗಿಲುಗಳಿವೆ. ಮೊದಲನೆಯದು 1980ರಲ್ಲಿ ರಚನೆಯಾದ ಕಾರ್ಯತಂಡ. ಯಾವ ದೇಶದ ಕುಟುಂಬವಾದರೂ, ಅಥವಾ ಕುಟುಂಬದ ಒಪ್ಪಿಗೆ ಪಡೆದ ಸಂಸ್ಥೆಯಾದರೂ ಇಲ್ಲಿಗೆ ಬರೆಯಬಹುದು. ಸ್ಥಳೀಯ ಕೋರ್ಟುಗಳನ್ನೆಲ್ಲ ಸುತ್ತಿ ಮುಗಿಸಿರಬೇಕೆಂಬ ಷರತ್ತಿಲ್ಲ. ಕಣ್ಮರೆಯಾಗಿ ಮೂರು ತಿಂಗಳೊಳಗಾದರೆ ತುರ್ತು ಕ್ರಮವಿದೆ. ತಂಡ ಸರ್ಕಾರಕ್ಕೆ ಪತ್ರ ಬರೆಯುತ್ತದೆ, ಉತ್ತರ ಕೇಳುತ್ತದೆ. ವ್ಯಕ್ತಿಯ ಗತಿ ಏನಾಯಿತೆಂದು ಸ್ಪಷ್ಟವಾಗುವವರೆಗೆ ಸಾಮಾನ್ಯವಾಗಿ ಕಡತ ಮುಚ್ಚುವುದಿಲ್ಲ.

ಎರಡನೆಯದು ಒಪ್ಪಂದದ ಬಾಗಿಲು. ಬಲವಂತದ ಕಣ್ಮರೆಯ ವಿರುದ್ಧದ ಅಂತರರಾಷ್ಟ್ರೀಯ ಒಪ್ಪಂದ 2006ರಲ್ಲಿ ಅಂಗೀಕಾರವಾಗಿ 2010ರಲ್ಲಿ ಜಾರಿಗೆ ಬಂತು. ಅದರ ಸಮಿತಿ ‘ಕೂಡಲೇ ಹುಡುಕಿ’ ಎಂದು ಸದಸ್ಯ ದೇಶಗಳನ್ನು ಕೇಳಬಲ್ಲದು. ಭಾರತ 2007ರಲ್ಲಿ ಸಹಿ ಹಾಕಿದೆ, ಆದರೆ ಅನುಮೋದಿಸಿಲ್ಲ. ಹಾಗಾಗಿ ನಮ್ಮ ದೇಶದ ಕುಟುಂಬಗಳಿಗೆ ಸದ್ಯಕ್ಕೆ ತೆರೆದಿರುವುದು ಮೊದಲ ಬಾಗಿಲು.

ಇವುಗಳಿಗೂ ಮಿತಿಯಿದೆ. ಕಾರ್ಯತಂಡ ಯಾರನ್ನೂ ಜೈಲಿಗೆ ಕಳಿಸುವುದಿಲ್ಲ. ಸರ್ಕಾರಗಳು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಉತ್ತರ ಕೊಡುವುದೂ ಉಂಟು. ವೆಲಾಸ್ಕೆಸ್ ಪ್ರಕರಣದಲ್ಲಿ ತೀರ್ಪು ಬರಲು ಸುಮಾರು ಏಳು ವರ್ಷ ಹಿಡಿಯಿತು. ವಿಚಾರಣೆ ನಡೆಯುತ್ತಿರುವಾಗಲೇ ಸಾಕ್ಷಿ ಹೇಳಿದವರೊಬ್ಬರ ಕೊಲೆಯಾಯಿತು. ಕುಟುಂಬಕ್ಕೆ ಪರಿಹಾರ ಕೊಡಬೇಕೆಂದಾಯಿತು, ಮಗ ಮಾತ್ರ ಮನೆಗೆ ಬರಲಿಲ್ಲ.

ಹಾಗಾದರೆ ಪ್ರಯೋಜನವೇನು ಎಂದು ನೀವು ಕೇಳಬಹುದು. ‘ಅಂಥವರು ಇರಲೇ ಇಲ್ಲ’ ಎನ್ನುವವರ ಎದುರು, ಇದ್ದರು ಎಂಬುದಕ್ಕೆ ಒಂದು ದಾಖಲೆ ಉಳಿಯುತ್ತದೆ. ಆದ್ದರಿಂದ ನಿಮಗೆ ಪರಿಚಯದ ಯಾವುದಾದರೂ ಮನೆಗೆ ಈ ಕಷ್ಟ ಬಂದರೆ ಮೊದಲು ಇಷ್ಟು ಬರೆದಿಡಲು ಹೇಳಿ: ಹೆಸರು, ದಿನಾಂಕ, ಸ್ಥಳ, ಕರೆದೊಯ್ದವರು ಯಾರಿರಬಹುದು, ಎಲ್ಲೆಲ್ಲಿ ವಿಚಾರಿಸಿದಿರಿ, ಏನು ಉತ್ತರ ಬಂತು. ಹೇಬಿಯಸ್ ಕಾರ್ಪಸ್ ಅರ್ಜಿಯ ಪ್ರತಿ ಜೋಪಾನವಾಗಿರಲಿ. ನೆನಪು ಮಸುಕಾಗುತ್ತದೆ, ಕಾಗದ ಉಳಿಯುತ್ತದೆ.